ಇಲ್ಲದ ಕಾಕಾನ ಒಪ್ಪಿಗೆ

ನಮಗೊಬ್ಬ ಕಾಕಾ ಇದ್ದ. ದಡ್ಡಿ ಎಂಬ ಊರಿನಲ್ಲಿದ್ದ. ಎಡಗಾಲು ಕುಂಟು, ಸಕ್ಕರೆ ಕಾಯಿಲೆ, ಮೂಗಿನ ತುದಿಯಲ್ಲೇ ಸಿಟ್ಟು. ಕಲ್ಲೋಳಿಯ ನಮ್ಮ ಓಣಿಯಲ್ಲಿ ಅವನ ಸುದ್ದಿ ಗೊತ್ತಿಲ್ಲದವರು ಇರಲಿಲ್ಲ. ಅವನನ್ನು ಕಂಡವರೂ ಇರಲಿಲ್ಲ, ಯಾಕೆಂದರೆ ಅವನು ಹುಟ್ಟಿರಲೇ ಇಲ್ಲ. ಅವನನ್ನು ನಮ್ಮವ್ವ ಕಟ್ಟಿದ್ದಳು.

ನಾನೀಗ ಕತೆ ಬರೆಯುತ್ತೇನೆ. ಗೋಕಾಕದ ಕಾಲೇಜಿನಲ್ಲಿ ಹುಡುಗ ಹುಡುಗಿಯರಿಗೆ ಕತೆಯ ಶಿಬಿರ ಮಾಡಿದಾಗ ನನ್ನನ್ನೂ ಕರೆಯುತ್ತಾರೆ. ಹೋದ ಸಲ ಮೂಡಲಗಿಯ ಹುಡುಗಿಯೊಬ್ಬಳು ತನ್ನ ಕಥಾನಾಯಕನ ವಿವರವನ್ನು ಎರಡು ಹಾಳೆ ತುಂಬ ಬರೆದು ತಂದಿದ್ದಳು. ಎತ್ತರ, ಬಣ್ಣ, ಮೆಚ್ಚಿನ ಊಟ, ಅಂಗಿಯ ಗುಂಡಿಯವರೆಗೆ ಎಲ್ಲವೂ ಇತ್ತು. "ಇಷ್ಟೆಲ್ಲಾ ಐತ್ರಿ ಮೇಡಂ, ಆದ್ರ ಇಂವ ಎದ್ದ ಅಡ್ಡ್ಯಾಡವಲ್ಲ," ಎಂದಳು. "ಇಂವ ಯಾರಿಗೆ ಏನಾಗಬೇಕು?" ಎಂದು ಕೇಳಿದೆ. ಆಕೆ ಹಾಳೆ ತಿರುವಿ ನೋಡಿದಳು. ಅದೊಂದನ್ನು ಬರೆದಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಬಹಳ ದಿನಗಳ ಮೇಲೆ ಕಾಕಾ ನೆನಪಾದ.

ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ಅಪ್ಪ ಕಲ್ಲೋಳಿಯವರಲ್ಲ, ಟ್ರ್ಯಾಕ್ಟರ್ ಹೊಡೆಯಲು ಬಂದು ಇಲ್ಲೇ ಮನೆ ಕಟ್ಟಿಕೊಂಡವರು. ಹಾಗಾಗಿ ನಮ್ಮ ಬಳಗ ಎಲ್ಲಿದೆ, ಎಷ್ಟಿದೆ ಎಂಬುದು ಊರಿಗೆ ಪಕ್ಕಾ ಗೊತ್ತಿರಲಿಲ್ಲ. ಅವ್ವನಿಗೆ ಅಣ್ಣತಮ್ಮಂದಿರಿರಲಿಲ್ಲ. ಆಕೆ ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದಳು. ಮೂರು ಹೆಣ್ಣುಗಳ ಮನೆ.

ಅಪ್ಪನ ದಿನಕರ್ಮ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಹಿಂದಿನ ಮನೆಯವನು ಬಂದು, ನಿಮ್ಮ ಹಿತ್ತಲಿನಲ್ಲಿ ನಾಲ್ಕು ಫೂಟು ನಮಗೆ ಬಿಡಿ, ಎಮ್ಮೆಗೆ ಛಪ್ಪರ ಹಾಕುತ್ತೇನೆ ಎಂದ. ಅವ್ವ ಬೇಡವೆಂದಳು. ಆತ ಕೇಳಿಸಿಕೊಳ್ಳಲೇ ಇಲ್ಲ. ಮರುದಿನ ಕಲ್ಲು ತಂದು ಹಾಕಿದ. ಅವ್ವ ಇನ್ನೊಮ್ಮೆ ಬೇಡವೆಂದಳು, ಆತ ಇನ್ನೊಂದು ಗಾಡಿ ಕಲ್ಲು ತಂದ. ಮೂರನೆಯ ಸಲ ಅವ್ವ ಬಾಗಿಲಲ್ಲಿ ನಿಂತು, "ನಮ್ಮ ಮನಿಯವರ ಕಾಕಾ ಒಬ್ಬರು ದಡ್ಡ್ಯಾಗ ಅದಾರ್ರಿ. ಅವರನ್ನ ಒಂದ ಮಾತ ಕೇಳಬೇಕು. ಭಾಳ ಸಿಟ್ಟಿನ ಮನಶ್ಯಾ," ಎಂದಳು. ಆತ ತಲೆ ಕೆರೆದುಕೊಂಡ. "ಹಂಗಾರ ಕೇಳ್ರಿ," ಎಂದು ಹೋದವನು ಸಂಜೆಯೊಳಗೆ ಕಲ್ಲು ತೆಗೆಸಿದ. ಕಾಕಾ ಹುಟ್ಟಿದ್ದು ಹೀಗೆ, ಹುಟ್ಟುವಾಗಲೇ ಸಿಟ್ಟು ಹೊತ್ತುಕೊಂಡು.

ದಡ್ಡಿ ಯಾಕೆ ಎಂದು ಆಮೇಲೆ ಕೇಳಿದೆ. ಗೋಕಾಕ ಸ್ಟ್ಯಾಂಡಿನಲ್ಲಿ ಬಸ್ಸಿನ ಮೇಲೆ ಆ ಹೆಸರು ಓದಿದ್ದಳಂತೆ, ಬಾಯಿಗೆ ಬಂತಂತೆ. ನಮ್ಮ ಓಣಿಯವರ್ಯಾರೂ ಅತ್ತ ಹೆಣ್ಣು ಕೊಟ್ಟವರಲ್ಲ, ತಂದವರಲ್ಲ. ಲೆಕ್ಕದಂತೆ ಅವನು ಅಪ್ಪನ ಕಾಕಾ, ನಮಗೆ ಅಜ್ಜನಾಗಬೇಕು. ಆದರೆ ಊರೆಲ್ಲ ದಡ್ಡಿ ಕಾಕಾ ಎಂದದ್ದರಿಂದ ನಾವೂ ಕಾಕಾ ಎಂದೆವು.

ಅವನ ಉಳಿದ ಗುಣಗಳನ್ನೆಲ್ಲ ಬೆಳೆಸಿದವರು ಬಾಜೂ ಮನೆಯ ವೈನಿ. ಜೈನರ ಮನೆ, ಕಿರಾಣಿ ಅಂಗಡಿ ಇತ್ತು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯುತ್ತಿತ್ತು, ನಾವು ಒಲೆ ಹೊತ್ತಿಸುವಷ್ಟರಲ್ಲಿ ವೈನಿ ಪಡಸಾಲೆಗೆ ಬಂದು ಕೂಡುತ್ತಿದ್ದರು. ಒಳ್ಳೆಯ ಹೆಂಗಸು, ಆದರೆ ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಕಾಕಾ ಯಾಕೆ ಒಮ್ಮೆಯೂ ಬಂದಿಲ್ಲ ಎಂದು ಕೇಳಿದ ದಿನ ಅವನ ಎಡಗಾಲು ಕುಂಟಾಯಿತು. ಹಬ್ಬದಲ್ಲಿ ಅವನಿಗೆಂದು ಹೋಳಿಗೆ ಕಟ್ಟಿಕೊಡಲು ಬಂದ ದಿನ ಸಕ್ಕರೆ ಕಾಯಿಲೆ ಬಂತು. ವೈನಿ ಬಿಡಲಿಲ್ಲ, ಹೋಳಿಗೆ ಬದಲು ಒಂದು ಭರಣಿ ಉಪ್ಪಿನಕಾಯಿ ಕೊಟ್ಟರು. ನಾವು ಅದನ್ನು ವರ್ಷವಿಡೀ ತಿಂದೆವು. "ಅವರ ಮೊಬೈಲ್ ನಂಬರರ ಕೊಡ ನೋಡೂಣು," ಎಂದಾಗ ಅವ್ವ ಸೂಜಿಗೆ ದಾರ ಪೋಣಿಸುತ್ತ, "ಎಲ್ಲಿ ಮೊಬೈಲ್ರಿ ವೈನಿ, ಕಿವಿ ಮಂದ ಆಗ್ಯಾವು," ಎಂದಳು. ಪಾಪ, ನೋಡನೋಡುತ್ತ ನಮ್ಮ ಕಾಕಾನಿಗೆ ಒಂದೂ ಅಂಗ ನೆಟ್ಟಗೆ ಉಳಿಯಲಿಲ್ಲ.

ನನಗಾದರೋ ಅವನ ಬಗ್ಗೆ ತಡೆಯಲಾರದ ಕುತೂಹಲ. ಮೀಸೆ ಇದೆಯೋ ಇಲ್ಲವೋ? ರುಮಾಲು ಯಾವ ಬಣ್ಣದ್ದು? ಹೆಂಡತಿ ಇದ್ದಾಳೆಯೇ?

"ಅದನ್ನ ಯಾರ ಕೇಳಿದ್ರು?" ಎನ್ನುತ್ತಿದ್ದಳು ಅವ್ವ.

"ನಾನ ಕೇಳಾಕತ್ತೇನಿ."

"ನಿನಗ್ಯಾಕ ಬೇಕು? ಹೋಗ, ಓದಕೋ ಹೋಗ."

ಸಿಟ್ಟು ಬಂದು ನಾನೇ ಒಂದು ಪಟ್ಟಿಯಲ್ಲಿ ಅವನಿಗೆ ಬಿಳಿ ಮೀಸೆ, ಕೆಂಪು ರುಮಾಲು, ಎರಡು ಎತ್ತು, ಒಂದು ನಾಯಿ ಎಲ್ಲವನ್ನೂ ಕೊಟ್ಟೆ. ಒಂದೂ ಅವನಿಗೆ ಅಂಟಿಕೊಳ್ಳಲಿಲ್ಲ. ಅವ್ವ ಅವಸರದಲ್ಲಿ ಕೊಟ್ಟ ಕುಂಟುಗಾಲು ಮಾತ್ರ ಓಣಿಯ ತುಂಬ ನಡೆದಾಡಿತು. ನನಗೆ ಬಹಳ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಮೀಸೆ ಯಾರಿಗೂ ಬೇಕಾಗಿರಲಿಲ್ಲ ಎಂಬುದು ತಿಳಿಯಲು ನಾನು ಎಷ್ಟೋ ಕೆಟ್ಟ ಕತೆ ಬರೆಯಬೇಕಾಯಿತು.

ಅಕ್ಕನ ಕಾಕಾ ಬೇರೆಯೇ ಇದ್ದ. ಕಾಲೇಜಿನ ಟ್ರಿಪ್ಪಿಗೆ ಅವ್ವ ಕಳಿಸಲು ಒಲ್ಲೆನೆಂದಾಗ ಅಕ್ಕ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಕಾಕಾ ಹೋಗ ಅಂದಾನಲ್ಲಬೇ," ಎಂದಳು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಳಿಸಿಯೂ ಕೊಟ್ಟಳು. ಓಣಿಗೆ ಹುಲಿಯಾದವನು ಅಕ್ಕನಿಗೆ ಮೆತ್ತಗಿನ ಅಜ್ಜ. ಒಬ್ಬನೇ ಮನುಷ್ಯ ಇಬ್ಬರಿಗೆ ಎರಡು ಬಗೆ ಹೇಗಾಗುತ್ತಾನೆ ಎಂದು ಆಗ ಬೆರಗಾಗುತ್ತಿದ್ದೆ. ಈಗ ನನ್ನ ಬಂಧುಗಳನ್ನೇ ನೋಡಿದರೆ ಎಲ್ಲರೂ ಹಾಗೆಯೇ ಇದ್ದಾರೆ.

ಅಕ್ಕ ಗೋಕಾಕದಲ್ಲಿ ಬಿ.ಎಡ್. ಸೇರಿದ ವರ್ಷ ಹುಕ್ಕೇರಿ ಕಡೆಯ ಒಂದು ಮನೆತನದವರು ಹೆಣ್ಣು ನೋಡಲು ಬಂದರು. ಅನುಕೂಲಸ್ಥರು, ಮಾತಿನಲ್ಲಿ ಮರ್ಯಾದೆ ಇದ್ದವರು. ಅವರಲ್ಲಿ ಮಾತಾಡುತ್ತಿದ್ದವರು ಹುಡುಗನ ಸೋದರಮಾವ. ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಮನಸ್ಸಿಗೆ ಬಂದಳು ಎಂದರು. ಒಂದೇ ಮಾತು, ಓದು ಇಲ್ಲಿಗೆ ಬಿಡಬೇಕು. ಮನೆಯಲ್ಲಿ ಅತ್ತೆಗೆ ಕೈಲಾಗುವುದಿಲ್ಲ, ಲಗ್ನ ಈ ಬೇಸಿಗೆಯಲ್ಲೇ ಆಗಬೇಕು. ಅಕ್ಕ ಒಳಗೆ ಒಲೆಯ ಮುಂದೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಟೀಚರ್ ಆಗುವುದು ಬಿಟ್ಟು ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಅವ್ವ ನೇರವಾಗಿಯೇ ಹೇಳಿದಳು. "ಓದಾಕತ್ತಾಳ್ರಿ. ಈಗ ಬ್ಯಾಡ್ರಿ."

ಸೋದರಮಾವ ನಕ್ಕರು. ಸಿಟ್ಟಾಗಲಿಲ್ಲ, ಸಣ್ಣವರ ಮಾತಿಗೆ ನಗುವ ಹಾಗೆ ನಕ್ಕರು. "ಅದಿರ್ಲಿ ಅಕ್ಕಾರ. ಮನ್ಯಾಗ ಹಿರ್ಯಾರು, ಗಂಡಸರು ಯಾರದಾರ? ಅವರ ಕೂಡ ಮಾತಾಡ್ತೇವಿ."

ಅವ್ವನ ಬಾಯಿಂದ ರೂಢಿಯ ಮಾತು ಜಾರಿತು. "ಇವರ ಕಾಕಾ ಅದಾರ್ರಿ, ದಡ್ಡ್ಯಾಗ. ಅವರು ಒಪ್ಪಬೇಕ್ರಿ."

"ದಡ್ಡಿ?" ಸೋದರಮಾವನ ಮುಖ ಅರಳಿತು. "ನಮ್ಮ ತಾಲೂಕಿನ ಊರ ಅಲ್ಲೇನ್ರಿ ಅದು! ನಾವ ಹೋಗಿ ಭೆಟ್ಟಿ ಆಗ್ತೇವಿ ಬಿಡ್ರಿ."

ಅವ್ವ ಚಹಾದ ತಾಟನ್ನು ಕೆಳಗಿಟ್ಟಳು. ಇಷ್ಟು ವರ್ಷ ದೂರದ ಊರೆಂದೇ ನಂಬಿದ್ದವಳಿಗೆ, ಹುಕ್ಕೇರಿಯವರಿಗೆ ಅದು ದೂರವಲ್ಲ ಎಂಬುದು ಹೊಳೆದೇ ಇರಲಿಲ್ಲ. ಅವರು ಹೋಗಬಾರದೆಂದು ತಡೆಯುವುದಾದರೂ ಹೇಗೆ? ಹಿರಿಯರ ಮನೆಗೆ ಕಾಯಿ, ಟಾವೆಲ್ಲು ಹಿಡಿದುಕೊಂಡು ಹೋಗಿ ಒಪ್ಪಿಗೆ ಕೇಳುವುದು ನಮ್ಮ ಕಡೆ ದೊಡ್ಡ ಮರ್ಯಾದೆ. ಬೇಡವೆಂದರೆ ನಾವೇ ಕೆಟ್ಟವರು. ಸಾಲದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ವೈನಿ ಕಾಕಾನ ಕಾಲು, ಕಿವಿ, ಕಾಯಿಲೆ, ಸಿಟ್ಟು ಎಲ್ಲದರ ಗುರುತು ಹೇಳಿಕೊಟ್ಟರು. ಸಿಹಿ ಒಯ್ಯಬೇಡಿರೆಂದೂ ಹೇಳಿದರು.

ಆ ಒಂದು ವಾರ ಅವ್ವ ಮಷೀನು ಬಿಟ್ಟು ಏಳಲಿಲ್ಲ. ಕಾಕಾನನ್ನು ಕೊಂದುಬಿಡೋಣ, ಹೃದಯಾಘಾತ ಆಯಿತೆನ್ನೋಣ ಎಂದು ನಾನು ಸೂಚಿಸಿದೆ. ಅವ್ವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅಕ್ಕ ಬಸ್ಸಿನ ಪಾಸು ಎತ್ತಿಟ್ಟು ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಸುಳ್ಳು ಬಯಲಾದರೆ ಓದಂತೂ ಹೋಗುತ್ತದೆ, ಮನೆಯ ಮರ್ಯಾದೆಯೂ ಹೋಗುತ್ತದೆ, ಆಮೇಲೆ ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾಗುತ್ತದೆ ಎಂದು ಆಕೆಗೆ ಹೆದರಿಕೆ.

ಸೋದರಮಾವ ಮತ್ತೆ ಬಂದರು. ಈ ಸಲ ಒಬ್ಬರೇ ಬಂದಿದ್ದರು. ವೈನಿ ಅವರಿಗಿಂತ ಮೊದಲೇ ಬಂದು ಗೋಡೆಗೆ ಬೆನ್ನು ಆನಿಸಿ ಕುಳಿತಿದ್ದರು.

"ಅಕ್ಕಾರ, ಎರಡ ಸಲ ಹೋಗಿ ಬಂದ್ನಿ," ಎಂದರು ಸೋದರಮಾವ. "ಕಾಲ ಕುಂಟೂ ಮುದಕ್ರು ಮೂರ ಮಂದಿ ಸಿಕ್ರು. ಸಕ್ಕರಿ ಬ್ಯಾನಿ ಅಂತೂ ಎಲ್ಲಾರಿಗೂ ಐತಿ. ಸಿಟ್ಟೂ ಐತಿ. ಕಲ್ಲೋಳ್ಯಾಗ ನಮ್ಮವರು ಯಾರೂ ಇಲ್ಲ ಅಂದ್ರು. ಒಬ್ಬಾಂವಂತೂ, ಹುಡುಗ ಚಲೋ ಇದ್ರ ನಂದ ಒಪ್ಪಿಗಿ ಐತಿ ತಗೋರಿ ಅಂದ!"

ನನಗೆ ಕಿಸಕ್ಕನೆ ನಗು ಬಂತು. ಬೇರೆ ಯಾರೂ ನಗಲಿಲ್ಲ. ಗುರುತುಗಳೆಲ್ಲ ಸರಿಯಾಗಿದ್ದವು, ಆ ಮೂವರಲ್ಲಿ ಒಬ್ಬನೂ ನಮ್ಮ ಕಾಕಾ ಆಗಿರಲಿಲ್ಲ.

"ಖರೆ ಹೇಳ್ರಿ ಅಕ್ಕಾರ. ಯಾರ ಅವರು?"

ಅವ್ವ ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಒಲೆಯ ಬಳಿ ಅಕ್ಕ, ಬಾಗಿಲ ಸಂದಿಯಲ್ಲಿ ನಾನು ನಿಂತಿದ್ದೆವು. ಅವ್ವ ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದುಕೊಂಡೆ. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಂವ ಇಲ್ರಿ. ನಾ ಅದೀನಿ."

ಸೋದರಮಾವನಿಗೆ ತಿಳಿಯಲಿಲ್ಲ.

"ಈ ಮನಿಗೆ ಹಿರಿ ಮನಶ್ಯಾಳು ನಾನರಿ. ನನ್ನ ಮಗಳು ಓದು ಮುಗಸೂ ಮಟ ಲಗ್ನ ಇಲ್ಲ. ಇದು ನನ್ನ ಮಾತು."

ಸೋದರಮಾವ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಅದಕ್ಕೇ ಅವರ ಮುಖ ನನಗೆ ಇನ್ನೂ ನೆನಪಿದೆ. "ಅಲ್ರಿ," ಎಂದರು, ನೊಂದುಕೊಂಡೇ. "ಇದನ್ನ ಮೊದಲ ದಿನಾನ ನೀವ ಹೇಳಿದ್ರ ಮುಗೀತಿತ್ತಲ್ರಿ. ಸುಳ್ಳ ಯಾಕ ಬೇಕಿತ್ತು?"

"ಮೊದಲ ದಿನಾನ ಹೇಳಿದ್ನಿರಿ. ಗಂಡಸರು ಯಾರದಾರ ಅಂತ ಕೇಳಿದ್ರಿ."

ಸೋದರಮಾವ ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಕೈ ಮುಗಿದು ಹೋದರು.

ಅವರು ಓಣಿ ದಾಟಿದ ಮೇಲೆ ವೈನಿ ಬಾಯಿಬಿಟ್ಟರು. "ಖರೆ ಇಲ್ಲ ಏನು ಅಂವ? ಹಂಗಾರ ನನ್ನ ಉಪ್ಪಿನಕಾಯಿ ಯಾರ ತಿಂದ್ರು?" ಅವ್ವ ನಮ್ಮಿಬ್ಬರ ಕಡೆ ಕೈ ತೋರಿಸಿದಳು. ವೈನಿ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಜಂಪರಿನ ಬಟ್ಟೆ ಹಿಡಿದು ಬಂದರು. ಅಕ್ಕ ಮರುದಿನವೇ ಗೋಕಾಕದ ಬಸ್ಸು ಹತ್ತಿದಳು.

ಆದರೆ ಸೋದರಮಾವ ಹೋದ ಆ ಸಂಜೆ ನಾನು ಅತ್ತೆ. ನಾಚಿಕೆ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತೆ. ಎಲ್ಲರಿಗೂ ಅದು ಗೆದ್ದ ದಿನ, ನನಗೆ ಮಾತ್ರ ಸೂತಕ. ಇನ್ನು ಮೇಲೆ ನಮ್ಮ ಮನೆಯಲ್ಲಿ ಕಾಕಾನ ಹೆಸರು ಯಾರೂ ಎತ್ತುವುದಿಲ್ಲ ಎಂಬುದು ನನಗೆ ಗೊತ್ತಾಗಿತ್ತು. "ಅಂವ ಎಷ್ಟ ಚಲೋ ಇದ್ನಲ್ಲಬೇ," ಎಂದೆ.

ಅವ್ವ ನನ್ನ ಮೂಗು ಒರೆಸಿದಳು. "ಹ್ವಾದದ್ದ ಚಲೋ ಆತು ಬಿಡ," ಎಂದಳು. "ಇಷ್ಟ ವರ್ಷ ನನ್ನ ಮಾತೆಲ್ಲಾ ಅವನೇ ಆಡಿದ. ನಾ ಬರೇ ಚಾ ಮಾಡಿದ್ನಿ."