ಕಳಂಕವಿಲ್ಲದ ಡ್ರೈವರ್

ಕೊರೊನಾ ಮುಗಿದು ಶಾಲೆಗಳು ಮತ್ತೆ ತುಂಬಿದ ವರ್ಷ ನಾನು ಸೊರಬ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಜಡೆ ಊರಿನ ಕಡೆಯ ಮಕ್ಕಳನ್ನು ಕರೆತರುವ ವ್ಯಾನಿಗೆ ಡ್ರೈವರ್ ಬೇಕಿತ್ತು. ಶಿಕಾರಿಪುರ ತಾಲ್ಲೂಕಿನವನೊಬ್ಬ ಬಂದ. ನಯವಾದ ಮಾತು, ಜೊತೆಗೆ ಪೊಲೀಸ್ ವೆರಿಫಿಕೇಶನ್. ಅಂದರೆ ಈತನ ಮೇಲೆ ಯಾವ ಪ್ರಕರಣವೂ ದಾಖಲಾಗಿಲ್ಲ ಎಂಬ ಪ್ರಮಾಣಪತ್ರ. ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು. ಸೋಮವಾರದಿಂದ ಬಾ ಎಂದು ಹೇಳಿಯೂ ಬಿಟ್ಟರು.

ನನಗೆ ಸಾಕಾಗಲಿಲ್ಲ. ಯಾರನ್ನೇ ತೆಗೆದುಕೊಳ್ಳಲಿ, ಹಿಂದಿನ ಶಾಲೆಗೆ ಫೋನ್ ಮಾಡಿ, "ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ?" ಎಂದು ಕೇಳುವುದು ನನ್ನ ರೂಢಿ. ಅಲ್ಲಿಯ ಹೆಡ್‌ಮಾಸ್ಟರು, "ಗಾಡಿ ಚೆನ್ನಾಗಿ ಓಡಿಸ್ತಾನ್ರೀ" ಅಂದರು. ನಾನು ಬಿಡದೆ ಮತ್ತೆ ಕೇಳಿದೆ. "ಅವನ ಊರಾಗೆ ಕೇಳ್ಕೊಳ್ರಿ ಮೇಡಂ" ಎಂದು ಫೋನ್ ಇಟ್ಟೇಬಿಟ್ಟರು. ಎಂಥಾ ಜನ! ಬಾಯಿಬಿಟ್ಟು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ಭಾನುವಾರ ಬಸ್ಸು ಹಿಡಿದು ಬಳ್ಳಿಗಾವಿಯಿಂದಾಚೆಯ ಅವನ ಊರಿಗೆ ಹೋದೆ. ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದರು.

"ವ್ಯಾನಿನ ಒಂದು ಹುಡುಗಿ ಜೊತೆ ಕೆಟ್ಟದಾಗಿ ನಡ್ಕಂಡಿದ್ದ ರೀ. ಪಂಚಾಯ್ತಿ ಕೂತು ರಾಜಿ ಮಾಡಿದ್ವಿ. ಅವನಿಗೆ ಊರು ಬಿಡ್ಸಿದ್ವಿ. ಸ್ಟೇಷನ್ನಿಗೆ ಹೋದ್ರೆ ಹುಡುಗಿ ಹೆಸರು ಕೆಡ್ತದಲ್ರೀ?"

"ನಿಮ್ಮೂರು ಬಿಡಿಸಿ ನಮ್ಮೂರ ಮಕ್ಕಳ ಹತ್ತಿರ ಕಳಿಸಿದಿರಾ?" ಎಂದೆ. ನನ್ನ ದನಿ ಏರಿತ್ತು. ಇಂಥ ವಿಷಯದಲ್ಲಿ ರಾಜಿಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಗೊತ್ತಿದ್ದೂ ದೂರು ಕೊಡದಿರುವುದೂ ಅಪರಾಧ. ಅದನ್ನೂ ಹೇಳಿದೆ.

ಬಸ್ಸಿಗೆಂದು ನಡೆಯುವಾಗ ಹೆಂಗಸೊಬ್ಬಳು ಕಟ್ಟೆಯ ಮಾತು ಕೇಳಿಸಿಕೊಂಡು ಹಿಂದೆಯೇ ಬಂದಳು. ಆ ಹುಡುಗಿಯ ತಾಯಿ, ಕುರಿ ಸಾಕುವ ಮನೆಯವಳು.

"ಅವ ಮತ್ತೆ ಮಕ್ಕಳ ಗಾಡೀನೇ ಹೊಡೀತಾನಾ?"

"ನಾಳೆಯಿಂದ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ ಮಗಳಿಗೆ ಶಾಲಿ ಬಿಡ್ಸೀವ್ರಿ, ಕುರಿ ಕಾಯಾಕ ಹಚ್ಚೀವಿ. ಅವ ದಿನಾ ಶಾಲಿಗೆ ಹೋಗ್ತಾನಾ? ನಡೀರಿ, ಎಲ್ಲಿ ಹೇಳ್ಬೇಕು ಹೇಳ್ತೀನಿ."

ಅಂದೇ ಇಬ್ಬರೂ ಠಾಣೆಗೆ ಹೋಗಿ ದೂರು ಕೊಟ್ಟೆವು. ಪೊಲೀಸರು ಅವನನ್ನು ಬಂಧಿಸಿದರು; ಸೋಮವಾರ ನಮ್ಮ ವ್ಯಾನು ಹೊರಡಲಿಲ್ಲ. ಕಾರ್ಯದರ್ಶಿ ಕೆಂಡವಾದರು: "ಶಾಲೆ ಹೆಸರನ್ನ ಬೀದಿಗೆ ತಂದ್ರಲ್ಲ ಮೇಡಂ, ಅವನ ಕಾಗದ ಕ್ಲೀನ್ ಇತ್ತಲ್ಲ!" ಅಲ್ಲಿ ಹುಡುಗಿಯ ಹೆಸರು, ಇಲ್ಲಿ ಶಾಲೆಯ ಹೆಸರು. ಮಕ್ಕಳ ಚಿಂತೆ ಒಬ್ಬರಿಗೂ ಇಲ್ಲ.

ಪ್ರಮಾಣಪತ್ರ ಹೇಳುವುದು ಯಾರೂ ದೂರು ಕೊಟ್ಟಿಲ್ಲ ಎಂಬುದನ್ನು ಮಾತ್ರ. ಯಾಕೆ ಕೊಟ್ಟಿಲ್ಲ ಎಂದು ನಾವೇ ಹೋಗಿ ಕೇಳಬೇಕು; ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕೇಸು ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಓಡಾಡಿಕೊಂಡಿದ್ದಾನೆ. ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸಲು ನಾನು ಮೂರು ಸಲ ಹೋದೆ. "ಜನ ಏನಂತಾರೆ?" ಎಂದು ಅವಳ ಅಪ್ಪ ಇವತ್ತಿಗೂ ಕಳಿಸಿಲ್ಲ.