ನನ್ನ ಮನಿ, ನನ್ನ ಒಲಿ

ಇವತ್ತು ದಾಂಡೇಲಿಯ ನಮ್ಮ ಓಣಿಯಲ್ಲಿ ಸ್ವಾತಂತ್ರ್ಯಕ್ಕೂ ಮೆಣಸಿನಕಾಯಿಗೂ ಕುಸ್ತಿ ಬಿತ್ತು ಗೆಳೆಯರೇ!

ಪಕ್ಕದ ಮನೆಯ ಶಿವಪ್ಪಣ್ಣ ಬೆಳಗ್ಗೆಯಿಂದ ಸ್ಪೀಕರ್‌ನಲ್ಲಿ ಹಾಡು ಮೊಳಗಿಸುತ್ತಿದ್ದರು. ಸದ್ದು ಕಡಿಮೆ ಮಾಡಿ ಎಂದರೆ, "ನನ್ನ ಮನಿ, ನನ್ನ ಸ್ಪೀಕರ್. ಯಾರ ಮ್ಯಾಲೂ ಯಾರ ಹುಕುಮ್ಮೂ ನಡೀಬಾರ್ದು ತಂಗಿ, ಸರಕಾರದ್ದೂ!" ಎಂದರು.

ನಾನು ಸೀದಾ ನಮ್ಮ ಅಂಗಳಕ್ಕೆ ನಡೆದೆ. ಅವರ ಕಾಂಪೌಂಡಿನ ಪಕ್ಕದಲ್ಲೇ ಒಲೆ ಹಚ್ಚಿ ಒಣ ಮೆಣಸಿನಕಾಯಿ ಹುರಿದೆ. ಹಾಡು ನಿಂತಿತು. ಗೋಡೆಯ ಮೇಲೆ ಕೆಂಪು ಮೂಗೊಂದು ಮೂಡಿತು.

"ಏನ್ ಹುರಿಯಾಕತ್ತೀ ತಂಗಿ?"

"ನನ್ನ ಮನಿ, ನನ್ನ ಒಲಿ ಅಣ್ಣಾರ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ಒಲೆ ಆರಿಸಿದೆ, ಅವರು ಸದ್ದು ಇಳಿಸಿ ಮತ್ತೆ ಹಾಡು ಹಾಕಿದರು.

"ನೋಡಿದಿ? ಪೊಲೀಸ್ರು ಬ್ಯಾಡ, ಸರಕಾರ ಬ್ಯಾಡ, ನಾವ್ನಾವ ಬಗಿಹರಿಸ್ಕೊಂಡ್ವಿ!" ಎಂದು ಶಿವಪ್ಪಣ್ಣ ಬೀಗಿದರು.

ಮಾತು ನಿಜ. ಒಪ್ಪಂದದಲ್ಲಿ ಇಲ್ಲದ ಎದುರುಮನೆ ಅಜ್ಜಿ ಮಾತ್ರ ಇನ್ನೂ ಸೀನುತ್ತಲೇ ಇದ್ದಾರೆ.