ದೋಸೆ ತಿಂದು ಸ್ಕ್ಯಾನಿಗೆ ಹೋದ ಮೇಷ್ಟ್ರು

ಗುಂಡ್ಲುಪೇಟೆಯ ನಮ್ಮ ವಾಚನಾಲಯದ ಗೆಳೆಯರಿಗೆ ನಮಸ್ಕಾರ. ಈ ಸೂಚನಾ ಫಲಕದಲ್ಲಿ ನನ್ನ ಪೆದ್ದುತನಕ್ಕೂ ಜಾಗ ಬಿಟ್ಟುಕೊಟ್ಟ ಹಿರಿಯರಿಗೆ ವಂದನೆಗಳು.

ತಿಂಗಳಿನಿಂದ ಊಟವಾದೊಡನೆ ನನ್ನ ಬಲಪಕ್ಕೆಯ ಕೆಳಗೆ ಇರಿಯುವಂಥ ನೋವು. ಇಂದು ಚಾಮರಾಜನಗರದಲ್ಲಿ ಹೊಟ್ಟೆಯ ಸ್ಕ್ಯಾನ್ ಆಯಿತು. “ಏನೂ ಇಲ್ಲ” ಎಂದರು ಡಾಕ್ಟರು. ಅಧಿಕಾರಿಗಳನ್ನು ಅಂಜದೆ ಪ್ರಶ್ನಿಸಬೇಕೆಂದು ನಿಮಗೆಲ್ಲ ಬೋಧಿಸುವ ನಾನು ಕೈಮುಗಿದು ಹೊರಬಂದೆ.

ಜೊತೆಗೆ ಬಂದಿದ್ದ ಶಿಷ್ಯೆ, ಭೀಮನಬೀಡಿನ ಮಂಜುಳಾ, ಅಡ್ಡ ನಿಂತಳು. “ಏನೂ ಇಲ್ದೇ ನೋಯ್ತದಾ ಮೇಷ್ಟ್ರೇ? ಬರೀ ಹೊಟ್ಟೇಲಿ ಬನ್ನಿ ಅಂದಿದ್ರು. ನೀವು ಬೆಳಿಗ್ಗೆ ನಮ್ಮವ್ವ ಕೊಟ್ಟ ದೋಸೆ ತಿಂದ್ಬುಟ್ರಿ. ಅದ ಡಾಕ್ಟ್ರಿಗೆ ಹೇಳುದ್ರಾ?”

“ಬೇಡ ಅಂದಿದ್ರೆ ನಿಮ್ಮವ್ವ ಬೇಜಾರು ಮಾಡ್ಕೊಳ್ತಿದ್ರು ಕಣಮ್ಮಿ.”

“ಮೂರನೇ ದೋಸೆಗೂವಾ?”

ಮತ್ತೆ ಒಳಗೆ ಹೋಗಿ ತಪ್ಪೊಪ್ಪಿಕೊಂಡೆ. “ತಿಂದು ಬಂದಿದ್ದೆ ಸಾರ್. ಆದರೆ ನೋವು ನಿಜ. ದಯವಿಟ್ಟು ಇನ್ನೊಮ್ಮೆ ನೋಡಿ.”

ಡಾಕ್ಟರು ನಕ್ಕರು. “ತಿಂದರೆ ಪಿತ್ತಕೋಶ ಕುಗ್ಗಿರುತ್ತೆ, ಕಲ್ಲಿದ್ದರೂ ಕಾಣದೆ ಹೋಗಬಹುದು. ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ.”

ಗೆಳೆಯರೇ, ನಾಳೆ ನಾನು ಬಸ್ಸು ಹತ್ತುವವರೆಗೆ ಯಾರೂ ತಿಂಡಿಗೆ ಕರೆಯಬೇಡಿ. ನಿರಾಕರಿಸುವ ವಿದ್ಯೆ ನನಗಿನ್ನೂ ಕೈಹತ್ತಿಲ್ಲ. ನೋವನ್ನು ನುಂಗಿಕೊಂಡು ಸುಮ್ಮನಿರುವವರು ನಿಮ್ಮ ಮನೆಯಲ್ಲಿಯೂ ಇದ್ದಾರು. ಅವರ ಬಾಯಿ ಬಿಡಿಸುವ ಕೆಲಸವನ್ನು ಇಂದೇ ಶುರುಮಾಡಿ.